ಆರೋಗ್ಯ ನೀತಿಯಲ್ಲಿ ಸ್ನಾತಕೋತ್ತರ ವ್ಯಾಸಂಗ: ಅರ್ಜಿ ಹಾಕುವವರ ಪ್ರಶ್ನೆಗಳು

ಪ್ರಶ್ನೆ (ಸಮುದಾಯ ಆರೋಗ್ಯ ಅಧಿಕಾರಿ, ವಿರಾಜಪೇಟೆ ತಾಲ್ಲೂಕು):

ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಉಪಕೇಂದ್ರವೊಂದರಲ್ಲಿ ಗುತ್ತಿಗೆ ಆಧಾರದ ಮೇಲೆ ಕೆಲಸ ಮಾಡುತ್ತಿದ್ದೇನೆ. ನಮ್ಮ ವ್ಯಾಪ್ತಿಯಲ್ಲಿ ಕಾಫಿ ತೋಟಗಳ ಲೈನ್ ಮನೆಗಳೇ (ಕಾರ್ಮಿಕರ ಸಾಲುಮನೆಗಳೇ) ಹೆಚ್ಚು. ಆರೋಗ್ಯ ನೀತಿಯಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂಬ ಆಸೆಯಿದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಜೆಎನ್‌ಯು, ಲಂಡನ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಂಪಿಎಚ್ ಮತ್ತು ಆರೋಗ್ಯ ನೀತಿ ಎರಡೂ ಒಂದೇ ಏನು? ವೈದ್ಯರಲ್ಲದವರಿಗೆ ಅವಕಾಶವಿದೆಯೇ? ಉದ್ದೇಶ ಪತ್ರವನ್ನು ಹೇಗೆ ಬರೆಯಬೇಕು? ನನಗೆ ಚಿಕ್ಕ ಮಗುವಿದೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ (ಆರೋಗ್ಯ ನೀತಿ ಸಂಶೋಧಕರು, ಮೂಲತಃ ಸೋಮವಾರಪೇಟೆಯವರು):

ವೈದ್ಯರಲ್ಲದವರಿಗೆ ಖಂಡಿತ ಅವಕಾಶವಿದೆ. ಈ ಕ್ಷೇತ್ರದಲ್ಲಿ ಶುಶ್ರೂಷಕರು, ಅರ್ಥಶಾಸ್ತ್ರ ಓದಿದವರು, ವಕೀಲರು, ಸಮಾಜಕಾರ್ಯದವರು ಎಲ್ಲರೂ ಇದ್ದಾರೆ. ಎಂಪಿಎಚ್ ಎಂಬುದು ಸಾರ್ವಜನಿಕ ಆರೋಗ್ಯದ ವಿಶಾಲ ಪದವಿ. ಅದರಲ್ಲಿ ಸೋಂಕುಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ, ಪರಿಸರ ಆರೋಗ್ಯ, ಸಾಮಾಜಿಕ ನಡವಳಿಕೆ ಇವುಗಳ ಜೊತೆಗೆ ನೀತಿ ಮತ್ತು ಆಡಳಿತ ಒಂದು ಭಾಗವಾಗಿರುತ್ತದೆ. ಆರೋಗ್ಯ ನೀತಿಯ ಪದವಿಯಲ್ಲಿ ಆ ಒಂದು ಭಾಗವೇ ನಡುಮನೆಗೆ ಬರುತ್ತದೆ: ಹಣ ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ಕಾಯ್ದೆ ಏನು ಹೇಳುತ್ತದೆ, ಯೋಜನೆಯಿಂದ ನಿಜಕ್ಕೂ ಪ್ರಯೋಜನವಾಯಿತೇ ಎಂಬುದನ್ನು ಅಳೆಯುವುದು ಹೇಗೆ ಎಂಬ ವಿಚಾರಗಳು.

ಇನ್ನು ನಿಮ್ಮ ಪತ್ರದ ಬಗ್ಗೆ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಅದರಲ್ಲಿ ವಿದ್ಯಾಸಂಸ್ಥೆಗಳ ಹೆಸರುಗಳಿವೆ, ನೀವು ಅಲ್ಲಿ ಹೋಗಿ ಬಿಡಿಸಬೇಕೆಂದಿರುವ ಪ್ರಶ್ನೆ ಇಲ್ಲ. ಲೈನ್ ಮನೆಗಳೇ ಹೆಚ್ಚು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಪ್ರವೇಶ ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ಓದಿದ ಅನುಭವದಿಂದ ಹೇಳುವುದಾದರೆ, ಅವರಿಗೆ ಬೇಕಾಗಿರುವುದು ಆ ವಾಕ್ಯವೇ.

ನಿಮ್ಮ ತಾಯಿ ಕಾರ್ಡಿನ ನೋಂದಣಿ ಪುಸ್ತಕವನ್ನೇ ತೆಗೆದುಕೊಳ್ಳಿ. ಅರೇಬಿಕಾ ಕೊಯ್ಲಿನ ಹೊತ್ತಿಗೆ ಅಸ್ಸಾಂನಿಂದ ಬಂದ ಗರ್ಭಿಣಿಯೊಬ್ಬರು ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಹೆಸರು ಬರೆಸುತ್ತಾರೆ. ತಾಯಿ-ಮಗುವಿನ ಆರೋಗ್ಯ ದಾಖಲೆಯ ಆರ್‌ಸಿಎಚ್ ಸಂಖ್ಯೆ ಸಿಗುತ್ತದೆ, ರಕ್ತಪರೀಕ್ಷೆಯಾಗುತ್ತದೆ, ಕಬ್ಬಿಣಾಂಶದ ಮಾತ್ರೆ ಕೊಡುತ್ತೀರಿ. ರೋಬಸ್ಟಾ ಕೊಯ್ಲಿಗೆ ಅವರ ಕುಟುಂಬ ಇನ್ನೊಂದು ತೋಟಕ್ಕೆ ಹೋಗುತ್ತದೆ. ಕಾರ್ಡು ಹಳೆಯ ಲೈನಿನ ಚಾವಣಿಯ ಸಂದಿಯಲ್ಲೇ ಉಳಿದಿರಬಹುದು. ಹೊಸ ತೋಟದ ಕಡೆಯ ಆಶಾ ಕಾರ್ಯಕರ್ತೆ ಹೊಸದಾಗಿ ಬರೆದುಕೊಳ್ಳುತ್ತಾರೆ, ಇಲ್ಲವೇ ಬರೆದುಕೊಳ್ಳುವುದೇ ಇಲ್ಲ. ನಿಮ್ಮ ಪುಸ್ತಕದಲ್ಲಿ ಮಾತ್ರ ‘ಊರು ಬಿಟ್ಟಿದ್ದಾರೆ’ ಎಂಬ ಷರಾ ಬೀಳುತ್ತದೆ, ಮತ್ತು ಆ ಷರಾ ಬಿದ್ದ ಮೇಲೆ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ಇಲ್ಲಿಂದ ಮುಂದಿನದು ನೀತಿಯ ವಿಷಯ. 1951ರ ತೋಟ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಅದು 5 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ, 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ ಸಂಬಂಧಿಸಿದ್ದು. ಕೊಡಗಿನಲ್ಲಿ ಸಣ್ಣ ಹಿಡುವಳಿಗಳೇ ಹೆಚ್ಚಾಗಿರುವಾಗ ಕಾಯ್ದೆಯ ಹೊರಗೆ ಉಳಿದವರು ಯಾರು ಎಂಬುದು ನಿಮಗೇ ಗೊತ್ತು. 2020ರ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ವಿಲೀನಗೊಂಡಿದೆ. ತೋಟದ ಮಾಲೀಕರು ಸ್ವಇಚ್ಛೆಯಿಂದ ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಸೇರುವುದಕ್ಕೂ ಸಾಮಾಜಿಕ ಭದ್ರತಾ ಸಂಹಿತೆ ದಾರಿ ತೆರೆದಿದೆ. ಇನ್ನೊಂದು ಬದಿಯಲ್ಲಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಕಾರ್ಡು ಕಾಗದದ ಮೇಲೆ ದೇಶದಾದ್ಯಂತ ನಡೆಯುತ್ತದೆ, ಆದರೆ ನಮ್ಮ ಆರೋಗ್ಯ ಕರ್ನಾಟಕ ಯೋಜನೆಯ ಅರ್ಹತೆ ನಿಂತಿರುವುದು ಈ ರಾಜ್ಯದ ಪಡಿತರ ಚೀಟಿಯ ಮೇಲೆ. ಹಾಗಾದರೆ ಋತುಮಾನಕ್ಕೆ ಬಂದುಹೋಗುವ ಕಾರ್ಮಿಕ ಕುಟುಂಬದ ಆರೋಗ್ಯದ ವೆಚ್ಚ ಮಾಲೀಕರದೇ, ಕರ್ನಾಟಕದ್ದೇ, ತವರು ರಾಜ್ಯದ್ದೇ? ಇದು ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ಸಾಕಾಗಿ ಮಿಗುವಷ್ಟು ದೊಡ್ಡ ಪ್ರಶ್ನೆ. ನಿಮ್ಮದು ಇದೇ ಆಗಬೇಕೆಂದಿಲ್ಲ. ಬುಡಕಟ್ಟು ಜನರ ಹಾಡಿಗಳಲ್ಲಿ ಕುಡಗೋಲು ಕಣ ರಕ್ತಹೀನತೆಯ ತಪಾಸಣೆಯ ನಂತರ ಏನಾಗುತ್ತದೆ ಎಂಬುದೂ ಆಗಬಹುದು. ಒಂದು ಪ್ರಶ್ನೆಯಂತೂ ಇರಲೇಬೇಕು.

ಪ್ರಶ್ನೆ ನಿಶ್ಚಯವಾದರೆ ಸಂಸ್ಥೆಗಳ ಗೊಂದಲ ತಾನಾಗಿ ಕಡಿಮೆಯಾಗುತ್ತದೆ. ಹಣಕಾಸು ಮತ್ತು ವಿಮೆ ನಿಮ್ಮ ಆಸಕ್ತಿಯಾದರೆ ಟಾಟಾ ಸಂಸ್ಥೆಯ ಆರೋಗ್ಯ ನೀತಿ, ಅರ್ಥಶಾಸ್ತ್ರ ಮತ್ತು ಹಣಕಾಸು ವಿಷಯದ ಎಂಪಿಎಚ್, ಅಥವಾ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಲಂಡನ್ ಸ್ಕೂಲ್ ಆಫ್ ಹೈಜೀನ್ ಜಂಟಿಯಾಗಿ ನಡೆಸುವ ಒಂದು ವರ್ಷದ ಎಂ.ಎಸ್ಸಿ. ಕಾಯ್ದೆ ಮತ್ತು ಆಡಳಿತದ ಕಡೆಗೆ ಒಲವಿದ್ದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯನ್ನು ನೋಡಿ. ಹೆಸರಿನಲ್ಲಿ ಆರೋಗ್ಯವಿಲ್ಲ ಎಂಬ ಕಾರಣಕ್ಕೆ ನಮ್ಮವರು ಅದನ್ನು ಬಿಟ್ಟುಬಿಡುತ್ತಾರೆ. ಕಾಯಿಲೆಯ ಸಾಮಾಜಿಕ ಬೇರುಗಳನ್ನು ಹುಡುಕುವವರಿಗೆ ಜೆಎನ್‌ಯುವಿನ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರಕ್ಕೆ ಸಮನಾದದ್ದು ಕಡಿಮೆ. ಸಮೀಕ್ಷೆ ಮತ್ತು ಅಂಕಿಅಂಶದಲ್ಲಿ ಗಟ್ಟಿಯಾಗಬೇಕಿದ್ದರೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ಇಲ್ಲವೇ ಹತ್ತಿರದ ಮಣಿಪಾಲ.

ಉದ್ದೇಶ ಪತ್ರದ ಬಗ್ಗೆ ಕೇಳಿದ್ದೀರಿ. ‘ಬಾಲ್ಯದಿಂದಲೂ ಬಡವರ ಸೇವೆ ನನ್ನ ಕನಸಾಗಿತ್ತು’ ಎಂದು ಆರಂಭವಾಗುವ ಪತ್ರವನ್ನು ಓದುವವರು ಎರಡನೆಯ ಸಾಲಿಗೆ ಹೋಗುವ ಮೊದಲೇ ದಣಿದಿರುತ್ತಾರೆ. ಅದರ ಬದಲಿಗೆ ಹೀಗೆ ಆರಂಭಿಸಿದರೆ ಹೇಗಿರುತ್ತದೆ ನೋಡಿ: ‘ಡಿಸೆಂಬರ್‌ನಲ್ಲಿ ನಾನು ನೋಂದಾಯಿಸಿದ ಗರ್ಭಿಣಿಯ ಹೆಸರಿನ ಮುಂದೆ ಮಾರ್ಚ್‌ನಲ್ಲಿ ಊರು ಬಿಟ್ಟಿದ್ದಾರೆ ಎಂದು ಬರೆಯುತ್ತೇನೆ, ಆ ದಿನದಿಂದ ಅವರ ಆರೈಕೆ ಯಾರ ಲೆಕ್ಕಕ್ಕೆ ಸೇರಿದ್ದು ಎಂಬುದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಉತ್ತರವಿಲ್ಲ.’ ಇದರ ನಂತರ ನೀವು ಏನು ಮಾಡಲು ಪ್ರಯತ್ನಿಸಿದಿರಿ, ಎಲ್ಲಿ ನಿಂತುಹೋಯಿತು, ಅದನ್ನು ಮುಂದುವರಿಸಲು ಯಾವ ವಿದ್ಯೆ ಬೇಕಾಗಿದೆ, ಆ ವಿದ್ಯೆ ಆ ಸಂಸ್ಥೆಯ ಯಾವ ಪಠ್ಯದಲ್ಲಿದೆ ಎಂದು ಬರೆಯಿರಿ. ರೋಗಿಗಳ ಹೆಸರು, ಕಾರ್ಡಿನ ಸಂಖ್ಯೆ, ತೋಟದ ಹೆಸರು ಯಾವುದೂ ಬೇಡ. ಇಲಾಖೆಯ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುವ ಜಾಗವೂ ಅದಲ್ಲ. ದೂರು ಬರೆಯಬಲ್ಲವರು ಬಹಳ ಮಂದಿ ಇದ್ದಾರೆ. ಆ ದೂರಿಗೆ ಕಾರಣವಾದ ನಿಯಮ ಯಾವುದೆಂದು ತೋರಿಸಬಲ್ಲವರನ್ನು ಸಮಿತಿ ಹುಡುಕುತ್ತದೆ. ಮರೆಯುವ ಮುನ್ನ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕೊಡಗು ಜಿಲ್ಲೆಯ ಮಾಹಿತಿ ಪುಟ ಉಚಿತವಾಗಿ ಸಿಗುತ್ತದೆ. ಅದನ್ನು ಓದಿ, ನಿಮ್ಮ ಉಪಕೇಂದ್ರದ ಅನುಭವ ಅದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಒಂದು ಪ್ಯಾರಾ ಬರೆದರೆ ಪತ್ರದ ತೂಕವೇ ಬೇರೆಯಾಗುತ್ತದೆ.

ಶಿಫಾರಸು ಪತ್ರದ ವಿಷಯದಲ್ಲಿ ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ರೂಢಿ ನಮ್ಮಲ್ಲಿದೆ. ವಿನಯದಿಂದಲೇ ಅದನ್ನು ತಪ್ಪಿಸಿ. ನೀವು ಮಾಡಿದ ಕೆಲಸಗಳ ಒಂದು ಪುಟದ ಟಿಪ್ಪಣಿಯನ್ನು ವೈದ್ಯಾಧಿಕಾರಿಗಳಿಗೆ ಕೊಟ್ಟು, ಅವರದೇ ಮಾತುಗಳಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಒಂದೇ ಕೈಯ ಬರವಣಿಗೆ ಉದ್ದೇಶ ಪತ್ರದಲ್ಲೂ ಶಿಫಾರಸಿನಲ್ಲೂ ಕಂಡರೆ ಓದುವವರಿಗೆ ಗೊತ್ತಾಗಿಬಿಡುತ್ತದೆ.

ಮರುಪ್ರಶ್ನೆ (ಅವರಿಂದಲೇ):

ಬಹಳ ಉಪಕಾರವಾಯಿತು. ಲಂಡನ್ ಅಥವಾ ಅಮೆರಿಕಕ್ಕೆ ಹೋಗುವುದಾದರೆ ಮಗುವನ್ನು ಕರೆದುಕೊಂಡು ಹೋಗಬಹುದೇ? ಖರ್ಚಿಗೆ ಏನು ದಾರಿ? ದಾಖಲೆಗಳನ್ನು ಯಾವಾಗಿನಿಂದ ಹೊಂದಿಸಬೇಕು?

ಉತ್ತರ:

ಬ್ರಿಟನ್ನಿನ ನಿಯಮ 2024ರ ಜನವರಿಯಿಂದ ಬದಲಾಗಿದೆ. ತರಗತಿ ಪಾಠದ ಸ್ನಾತಕೋತ್ತರ ಕೋರ್ಸಿಗೆ ಹೋಗುವವರು ಸಂಗಾತಿಯನ್ನಾಗಲಿ ಮಕ್ಕಳನ್ನಾಗಲಿ ಅವಲಂಬಿತರ ವೀಸಾದಲ್ಲಿ ಸಾಮಾನ್ಯವಾಗಿ ಕರೆದೊಯ್ಯುವಂತಿಲ್ಲ. ಒಂದು ವರ್ಷ ಮಗುವನ್ನು ಬಿಟ್ಟಿರಬೇಕಾಗುತ್ತದೆ ಎಂಬುದನ್ನು ಮನೆಯವರೊಡನೆ ಮೊದಲೇ ಮಾತನಾಡಿ, ಆಮೇಲೆ ಅರ್ಜಿಯ ಶುಲ್ಕ ಕಟ್ಟಿ. ಅಮೆರಿಕದಲ್ಲಿ ಅವಲಂಬಿತರಿಗೆ ವೀಸಾ ಇದೆ, ಆದರೆ ಎಂಪಿಎಚ್ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದ್ದು, ಮತ್ತು ಕುಟುಂಬದ ಖರ್ಚನ್ನು ಭರಿಸುವ ಹಣವನ್ನೂ ತೋರಿಸಬೇಕಾಗುತ್ತದೆ. ಕೆಲಸ ಬಿಡದೆ, ಊರು ಬಿಡದೆ ಓದಬೇಕಿದ್ದರೆ ಲಂಡನ್ ಸ್ಕೂಲ್ ಆಫ್ ಹೈಜೀನ್ ದೂರಶಿಕ್ಷಣದ ಎಂ.ಎಸ್ಸಿ.ಯನ್ನೂ ನಡೆಸುತ್ತದೆ. ನಿಮ್ಮ ಪರಿಸ್ಥಿತಿಗೆ ಮುಂಬೈ ಅಥವಾ ಬೆಂಗಳೂರು ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಕರ್ನಾಟಕದ ಆರೋಗ್ಯ ವ್ಯವಸ್ಥೆಯ ಪ್ರಶ್ನೆಯನ್ನು ಬಿಡಿಸಲು ವಿದೇಶಕ್ಕೆ ಹೋಗಲೇಬೇಕೆಂದಿಲ್ಲ.

ಹೋಗುವುದೇ ಆದರೆ ವಿದ್ಯಾರ್ಥಿವೇತನದ ಕ್ಯಾಲೆಂಡರನ್ನು ಪ್ರವೇಶದ ಕ್ಯಾಲೆಂಡರಿಗಿಂತ ಮೊದಲು ನೋಡಬೇಕು. ಬ್ರಿಟನ್ನಿನ ಚೆವೆನಿಂಗ್‌ಗೆ ಎರಡು ವರ್ಷದ, ಅಮೆರಿಕದ ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷದ ಕೆಲಸದ ಅನುಭವ ಬೇಕು, ಮತ್ತು ಎರಡೂ ಕೋರ್ಸ್ ಆರಂಭಕ್ಕೆ ಸುಮಾರು ಒಂದು ವರ್ಷ ಮೊದಲೇ ಅರ್ಜಿ ತೆಗೆದುಕೊಳ್ಳುತ್ತವೆ. ಚೆವೆನಿಂಗ್ ಪಡೆದವರು ಮರಳಿ ಬಂದು ಎರಡು ವರ್ಷ ದೇಶದಲ್ಲಿರಬೇಕು. ಜೆ.ಎನ್. ಟಾಟಾ ದತ್ತಿನಿಧಿಯ ಸಹಾಯ ಸಾಲದ ರೂಪದ್ದು ಎಂಬುದು ತಿಳಿದಿರಲಿ.

ದಾಖಲೆಗಳ ಬಗ್ಗೆ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಸಂಗತಿ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮತ್ತು ತಂದೆಯ ಹೆಸರು ಎರಡು ಇನಿಷಿಯಲ್‌ಗಳಾಗಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವೇ ಪೂರ್ತಿಯಾಗಿ ಬಿಡಿಸಿಕೊಂಡಿರುತ್ತವೆ, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು ಬಂದಿರುತ್ತದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಶಾಲೆಗಳಲ್ಲಿ ಬಹಳಷ್ಟು ‘ಸೋಫಾಸ್’ ಎಂಬ ಸಾಮಾನ್ಯ ಅರ್ಜಿಯ ಮೂಲಕ ನಡೆಯುತ್ತವೆ. ಅದಕ್ಕೆ ವಿದೇಶಿ ಅಂಕಪಟ್ಟಿಗಳ ಮೌಲ್ಯಮಾಪನ ಬೇಕು, ಮತ್ತು ಆ ಹಂತದಲ್ಲಿ ಹೆಸರು ಹೊಂದದಿದ್ದರೆ ಕಡತ ನಿಂತುಬಿಡುತ್ತದೆ. ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ವಿಶ್ವವಿದ್ಯಾಲಯದಿಂದ ಅಧಿಕೃತ ಅಂಕಪ್ರತಿಗಳನ್ನು ತರಿಸಲು ಕೆಲವು ವಾರಗಳನ್ನಾದರೂ ಇಟ್ಟುಕೊಳ್ಳಿ. ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷ, ಜಿಆರ್‌ಇ ಅಂಕಗಳಿಗೆ ಐದು ವರ್ಷ ಮಾನ್ಯತೆ. ಜಿಆರ್‌ಇಯನ್ನು ಈಗ ಅನೇಕ ಕಡೆ ಕೇಳುವುದಿಲ್ಲ, ಆದ್ದರಿಂದ ವಿಚಾರಿಸದೆ ಹಣ ಕಟ್ಟಬೇಡಿ. ಗುತ್ತಿಗೆ ನೌಕರಿಯ ಕರಾರಿನಲ್ಲಿ ರಾಜೀನಾಮೆಯ ಬಗ್ಗೆ ಏನಿದೆ ಎಂಬುದನ್ನೂ ಓದಿಕೊಳ್ಳಿ.

ಪ್ರಶ್ನೆ (ಬಿ.ಕಾಂ. ಪದವೀಧರರು, ಕುಶಾಲನಗರ):

ನಾನು ಖಾಸಗಿ ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿದ್ದೇನೆ. ನನ್ನಂಥವರೂ ಅರ್ಜಿ ಹಾಕಬಹುದೇ?

ಉತ್ತರ:

ಹಾಕಬಹುದು, ಮತ್ತು ನೀವು ಕುಳಿತಿರುವ ಮೇಜಿನ ಮಹತ್ವ ನಿಮಗೆ ಇನ್ನೂ ತಿಳಿದಂತಿಲ್ಲ. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಪೂರ್ಣ ವೆಚ್ಚ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ. 70ನ್ನು ಹೊಂದಿಸಲಾಗದೆ ಯಾರು ಅರ್ಧಕ್ಕೆ ಹಿಂದಿರುಗುತ್ತಾರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಗಾಗಿ ಯಾರು ಅಲೆಯುತ್ತಾರೆ ಎಂಬುದನ್ನು ದಿನವೂ ಕಾಣುವವರು ನೀವು. ಮೂರು ವರ್ಷದ ಪದವಿಗೆ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ತಕರಾರು ಮಾಡುತ್ತವೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಅರ್ಜಿಗೆ ಮೊದಲು ಸಂಖ್ಯಾಶಾಸ್ತ್ರವನ್ನು ಸ್ವಲ್ಪ ಗಟ್ಟಿ ಮಾಡಿಕೊಳ್ಳಿ.

ಪ್ರಶ್ನೆ (ಬೆಳೆಗಾರರು, ಪೊನ್ನಂಪೇಟೆ):

ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ಎಂಡಿ ಬೇಡ, ಆರೋಗ್ಯ ನೀತಿ ಓದುತ್ತೇನೆ ಎನ್ನುತ್ತಾಳೆ. 2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಜಾಲತಾಣದಲ್ಲಿ ನಡೆದ ಅಭಿಯಾನದ ಸಮಯದಿಂದ ಅವಳಿಗೆ ಇದೇ ಧ್ಯಾನ. ಇದನ್ನು ಓದಿದರೆ ಕೆಲಸ ಎಲ್ಲಿದೆ?

ಉತ್ತರ:

ಕೆಲಸವಿದೆ, ಆದರೆ ತಜ್ಞವೈದ್ಯರ ಸಂಪಾದನೆಯನ್ನು ನಿರೀಕ್ಷಿಸಬಾರದು, ಮತ್ತು ಹುದ್ದೆಗಳಲ್ಲಿ ಬಹುಪಾಲು ಅವಧಿ ಒಪ್ಪಂದದವು. ರಾಷ್ಟ್ರೀಯ ಆರೋಗ್ಯ ಅಭಿಯಾನದ ರಾಜ್ಯ ಮತ್ತು ಜಿಲ್ಲಾ ಘಟಕಗಳು, ದೆಹಲಿಯ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳ ಸಂಪನ್ಮೂಲ ಕೇಂದ್ರ, ಸಂಶೋಧನಾ ಸಂಸ್ಥೆಗಳು, ಅಂತರರಾಷ್ಟ್ರೀಯ ಸಂಸ್ಥೆಗಳು ಇವು ಮುಖ್ಯ ಜಾಗಗಳು. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಮಗಳಿಗಿದ್ದರೆ ನೀಟ್-ಪಿಜಿ ಬರೆದು ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡುವುದೇ ನೇರ ಮಾರ್ಗ; ಎಂಪಿಎಚ್ ಅದಕ್ಕೆ ಬದಲಿಯಲ್ಲ. ಅಭಿಯಾನದ ಬಗ್ಗೆ ಅವರು ಉದ್ದೇಶ ಪತ್ರದಲ್ಲಿ ಬರೆಯುವುದಾದರೆ ಆಸ್ಪತ್ರೆ ಬೇಕು ಎಂಬಲ್ಲಿಗೆ ನಿಲ್ಲಿಸಬಾರದು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದ್ದೂ ಅಪಘಾತದ ಗಾಯಾಳುಗಳನ್ನು ಮೈಸೂರಿಗೋ ಮಂಗಳೂರಿಗೋ ಘಟ್ಟದ ರಸ್ತೆಯಲ್ಲಿ ಸಾಗಿಸಬೇಕಾಗುವುದು ಏಕೆ, ಕೊರತೆ ಕಟ್ಟಡದ್ದೇ, ತಜ್ಞರದೇ, ಅವರನ್ನು ಇಲ್ಲಿ ಉಳಿಸಿಕೊಳ್ಳುವ ನಿಯಮಗಳದ್ದೇ ಎಂದು ಬಿಡಿಸಿ ನೋಡಲಿ. ಒಂದೆರಡು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿ ಆಮೇಲೆ ಹೋದರೆ ಅರ್ಜಿಯೂ ಗಟ್ಟಿಯಾಗುತ್ತದೆ, ಮನಸ್ಸೂ ಸ್ಪಷ್ಟವಾಗುತ್ತದೆ.

ಪ್ರಶ್ನೆ (ಸಮಾಜಕಾರ್ಯ ವಿದ್ಯಾರ್ಥಿ, ತಿತಿಮತಿ):

ನಾನು ಜೇನುಕುರುಬ ಸಮುದಾಯದವನು. ವಿದೇಶಕ್ಕೆ ಹೋಗಲು ನಮಗೆ ಪ್ರತ್ಯೇಕ ನೆರವು ಇದೆಯೇ?

ಉತ್ತರ:

ಇದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 20 ಸ್ಥಾನಗಳಿವೆ. ಅದರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು, ಮತ್ತು ಕರ್ನಾಟಕದಲ್ಲಿ ಆ ವರ್ಗಕ್ಕೆ ಸೇರಿದವರು ಜೇನುಕುರುಬರು ಮತ್ತು ಕೊರಗರು. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ. ಎರಡಕ್ಕೂ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಬೇಕಾಗುವುದರಿಂದ, ಅರ್ಜಿಯ ಪ್ರಕಟಣೆ ಬರುವವರೆಗೆ ಕಾಯದೆ ನಾಡಕಚೇರಿಯಲ್ಲಿ ಈಗಲೇ ಕೇಳಿಡಿ. ಹಾಡಿಯ ವಿಳಾಸದ ಬಗ್ಗೆ ಪ್ರಶ್ನೆ ಎತ್ತಿದರೆ ಗ್ರಾಮ ಪಂಚಾಯಿತಿಯಿಂದ ವಾಸಸ್ಥಳದ ಪತ್ರವೊಂದನ್ನು ಜೊತೆಗಿಟ್ಟುಕೊಳ್ಳಿ. ಬಿಡಿಸಬೇಕೆಂದಿರುವ ಪ್ರಶ್ನೆ ಯಾವುದೆಂದು ಒಂದು ಪುಟ ಬರೆದು ಇಲ್ಲೇ ಹಾಕಿ, ಓದಿ ಅಭಿಪ್ರಾಯ ತಿಳಿಸುತ್ತೇನೆ.