ಮೋಟಾರ್ ಮೇಲೆ 250 ವ್ಯಾಟ್, ಡಿಸ್‌ಪ್ಲೇನಲ್ಲಿ 500! ಯಾವುದು ನಿಜ?

ಪೆಡಲ್‌ಪ್ರಿಯ:
ನನ್ನ ಇ-ಬೈಕ್ ಮೋಟಾರ್ ಮೇಲೆ 250 ವ್ಯಾಟ್ ಅಂತ ಬರೆದಿದೆ. ಏರು ಹತ್ತುವಾಗ ಮಾತ್ರ ಡಿಸ್‌ಪ್ಲೇ 500 ದಾಟುತ್ತದೆ. ಇದು ಕಾನೂನಿಗೆ ಸರಿಯಾ? 25 ಕಿ.ಮೀ. ವೇಗ ದಾಟಿದರೆ ಮೋಟಾರ್ ನಿಲ್ಲಿಸುವ ಲಾಕ್ ತೆಗೆಸು ಅಂತ ಗೆಳೆಯನೊಬ್ಬ ಬೇರೆ ಹೇಳುತ್ತಿದ್ದಾನೆ. ಅದರಲ್ಲಿ ನಿಜವಾಗಿ ಅಪಾಯ ಇದೆಯಾ, ಇಲ್ಲ ಸುಮ್ನೆ ಹೆದರಿಸುತ್ತಾರಾ?

ತಾಮ್ರತಂತಿ:
ಎರಡೂ ನಿಜ. 250 ಅಂದರೆ ಮೋಟಾರ್ ಅತಿಯಾಗಿ ಬಿಸಿಯಾಗದೆ ಒಂದೇ ಸಮನೆ ಕೊಡಬಲ್ಲ ಶಕ್ತಿ, ಗರಿಷ್ಠ ಅಲ್ಲ. 36 ವೋಲ್ಟ್ ಬ್ಯಾಟರಿಯಿಂದ ಕಂಟ್ರೋಲರ್ (ಮೋಟಾರಿಗೆ ಎಷ್ಟು ಕರೆಂಟ್ ಅಂತ ನಿಯಂತ್ರಿಸುವ ಪೆಟ್ಟಿಗೆ) 15 ಆಂಪ್ ಎಳೆದರೆ 540 ವ್ಯಾಟ್ ಆಯ್ತಲ್ಲ, ಅದರಲ್ಲೂ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಪೂರ್ತಿ ಚಕ್ರಕ್ಕೆ ತಲುಪುವುದಿಲ್ಲ. ಯುರೋಪಿನ ನಿಯಮದಲ್ಲಿ ಲೆಕ್ಕಕ್ಕೆ ಬರುವುದೂ ಈ ನಿರಂತರ 250 ವ್ಯಾಟೇ. ಭಾರತದಲ್ಲಿ 30 ನಿಮಿಷದ ಪವರ್ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಅಮೆರಿಕದ ಫೆಡರಲ್ ನಿಯಮ 750 ವ್ಯಾಟ್‌ಗಿಂತ ಕೆಳಗಿನದನ್ನು ಸೈಕಲ್ ಅಂತಲೇ ನೋಡುತ್ತದೆ. ಒಂದೇ ಗಾಡಿ ಒಂದು ಕಡೆ ಸೈಕಲ್, ಇನ್ನೊಂದು ಕಡೆ ಮೋಟಾರ್ ವಾಹನ, ತಮಾಷೆ ಅಲ್ವಾ?

ಬ್ರೇಕ್‌ಪ್ಯಾಡ್:
ವ್ಯಾಟ್ ಬಿಡಿ, ಲಾಕ್ ತೆಗೆಸುವ ಮಾತೇ ದೊಡ್ಡದು. ವೇಗ 25ರಿಂದ 45ಕ್ಕೆ ಹೋದರೆ ಬ್ರೇಕ್ ತಡೆಯಬೇಕಾದ ಶಕ್ತಿ ಎರಡು ಪಟ್ಟೂ ಅಲ್ಲ, ಮೂರು ಪಟ್ಟಿಗಿಂತ ಜಾಸ್ತಿ. ನಿಮ್ಮ ಬ್ರೇಕು, ಫೋರ್ಕು, ಟೈರು ಎಲ್ಲ ಅವೇ ಹಳೆಯವು ತಾನೆ? ಜೊತೆಗೆ ಲಾಕ್ ತೆಗೆದ ಮೇಲೆ ಹೆಚ್ಚಿನ ದೇಶಗಳಲ್ಲಿ ಅದು ಸೈಕಲ್ಲಾಗಿ ಉಳಿಯುವುದಿಲ್ಲ, ನೋಂದಣಿ, ಲೈಸೆನ್ಸ್, ವಿಮೆ ಎಲ್ಲ ಬೇಕಾಗುತ್ತದೆ. ಯಾರಿಗಾದರೂ ಗುದ್ದಿದರೆ ವಿಮೆ ಇಲ್ಲದೆ ಕೈಯಿಂದಲೇ ಕಟ್ಟಬೇಕು.

ಏರುದಾರಿ:
ವೇಗದ ವಿಷಯ ಒಪ್ಪಿದೆ. ಆದರೆ ಪವರ್ ಮಿತಿ ನನಗೆ ಅಷ್ಟು ಸರಿ ಕಾಣುವುದಿಲ್ಲ. ಭಾರ ಹೊತ್ತು ಕಡಿದಾದ ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಚಕ್ರದ ನಡುವೆಯೇ ಕೂರುವ ಹಬ್ ಮೋಟಾರ್ ಕಡಿಮೆ ಸುತ್ತು ತಿರುಗಿ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಅಲ್ಲಿ ಸ್ವಲ್ಪ ದೊಡ್ಡ ಮೋಟಾರೇ ಕ್ಷೇಮ. ವೇಗ ಕಟ್ಟಿಹಾಕಿ ಸಾಕು.

ತಾಮ್ರತಂತಿ:
ಅದು ಹೌದು. ಆದರೆ ಜನ ಮೋಟಾರ್ ಬದಲಿಸುವುದಿಲ್ಲ, ಕಂಟ್ರೋಲರ್‌ನಲ್ಲಿ ಆಂಪ್ ಏರಿಸುತ್ತಾರೆ. ಆಗ ಪೆಟ್ಟು ಬ್ಯಾಟರಿಗೆ. ಇನ್ನು ಕೆಲವರು 36 ವೋಲ್ಟ್ ಪ್ಯಾಕಿಗೆ 48ರ ಚಾರ್ಜರ್ ಚುಚ್ಚುತ್ತಾರೆ. ಆ ಪ್ಯಾಕ್ 42 ವೋಲ್ಟಿಗೆ ತುಂಬಿರುತ್ತದೆ, ಚಾರ್ಜರ್ 54.6ರವರೆಗೆ ತಳ್ಳುತ್ತದೆ, ಬ್ಯಾಟರಿ ಕಾಯುವ ಒಳಗಿನ ಸರ್ಕ್ಯೂಟ್ (ಬಿಎಂಎಸ್) ಕೈಕೊಟ್ಟರೆ ಬೆಂಕಿಯೇ.

ಪೆಡಲ್‌ಪ್ರಿಯ:
ಸರಿ, ಲಾಕ್ ಮುಟ್ಟುವುದಿಲ್ಲ. ಗೆಳೆಯನ ಚಾರ್ಜರ್ ಆಗಾಗ ಎರವಲು ತರುತ್ತಿದ್ದೆ, ಅದರ ಲೇಬಲ್ ಈಗ ನೋಡುತ್ತೇನೆ.