ಬೇಟೆಯಾಡಿದವನೇ ಮಾಂಸದ ಒಡೆಯನಲ್ಲವೇ? ಸಾನ್ ಜನರ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಬೆಳದಿಂಗಳು

ಆಫ್ರಿಕಾ ಖಂಡದ ದಕ್ಷಿಣ ಭಾಗದ ಕಲಹರಿಯಲ್ಲಿ ಬೇಟೆಯಾಡಿ ಬದುಕುತ್ತಿದ್ದ ಸಾನ್ ಜನರ ಬಗ್ಗೆ ಇತ್ತೀಚೆಗೆ ಓದುತ್ತಿದ್ದೇನೆ. ಅವರಲ್ಲಿ ಅರಸ, ಒಡೆಯ ಎಂಬ ಸ್ಥಾನಗಳೇ ಇರಲಿಲ್ಲ ಎಂದು ಎಲ್ಲ ಕಡೆಯೂ ಬರೆದಿದ್ದಾರೆ. ಒಪ್ಪಲು ಮನಸ್ಸು ಬರುತ್ತಿಲ್ಲ. ಎಲ್ಲರಿಗಿಂತ ಚೆನ್ನಾಗಿ ಗುರಿ ಹಿಡಿಯುವವನೊಬ್ಬ ಇದ್ದೇ ಇರುತ್ತಾನೆ. ಐನೂರು ಕಿಲೋಗೂ ಮೀರಿ ತೂಗುವ ಈಲ್ಯಾಂಡ್ ಹುಲ್ಲೆಯನ್ನು ಕೆಡವಿದವನು ತನ್ನವರಿಗೆ ಹೆಚ್ಚು, ಆಗದವರಿಗೆ ಕಡಿಮೆ ಕೊಡುತ್ತಾ ಮೆಲ್ಲಗೆ ಯಜಮಾನನಾಗುವುದನ್ನು ಯಾವುದು ತಡೆಯುತ್ತಿತ್ತು? ತಿಳಿದವರು ವಿವರಿಸಿ.

ಉತ್ತರ: ಕಾಡುಹಾದಿ

ಮಾನವಶಾಸ್ತ್ರ ಕಲಿಸುವವಳು ನಾನು. ನನ್ನ ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ಆ ದಿನ ಪಾಠ ಕಳೆಗಟ್ಟುತ್ತದೆ. ತಡೆಯುವ ಏರ್ಪಾಡು ಬಾಣದಲ್ಲೇ ಇತ್ತು.

ನಮೀಬಿಯಾ ಮತ್ತು ಬೋಟ್ಸ್ವಾನಾ ಗಡಿಯ ಜುಹೋವಾನ್ಸಿ ಎಂಬ ಸಾನ್ ಗುಂಪನ್ನೇ ತೆಗೆದುಕೊಳ್ಳಿ. ಪ್ರಾಣಿಗೆ ಮೊದಲು ನಾಟಿದ ಬಾಣ ಯಾರದೋ, ಮಾಂಸ ಹಂಚುವ ಹೊಣೆ ಅವರದು. ಬಿಲ್ಲು ಎಳೆದ ಮಾತ್ರಕ್ಕೆ ಬೇಟೆಗಾರನಿಗೆ ಆ ಹಕ್ಕು ಬರುವುದಿಲ್ಲ. ಅವನ ಬತ್ತಳಿಕೆಯಲ್ಲಿ ಸ್ವಂತ ಬಾಣಗಳ ಜೊತೆಗೆ ನೆಂಟನದೊಂದು, ದೂರದ ಗೆಳೆಯನದೊಂದು, ಬೇಟೆಗೆ ಹೋಗಲಾರದ ಮುದುಕನದೊಂದು, ಕೆಲವೊಮ್ಮೆ ಹೆಂಗಸೊಬ್ಬಳದೂ ಇರುತ್ತಿತ್ತು. ಹಂಚುವುದೇನೂ ಸುಖದ ಕೆಲಸವಲ್ಲ. ಕಡಿಮೆಯಾಯಿತೆಂಬ ಗೊಣಗಾಟವೆಲ್ಲ ಹಂಚಿದವರ ಮೇಲೆಯೇ. ಮೊದಲ ಪಾಲು ಪಡೆದವರು ತಮ್ಮ ಬಂಧುಗಳಿಗೆ, ಅವರು ಮತ್ತೆ ತಮ್ಮವರಿಗೆ ಕೊಡುತ್ತಾ ಹೋಗಿ ಬೀಡಿನ ಎಲ್ಲ ಒಲೆಗಳಿಗೂ ಮಾಂಸ ತಲುಪುತ್ತಿತ್ತು.

ಇದಕ್ಕಿಂತ ಹರಿತವಾದ ಅಸ್ತ್ರವೆಂದರೆ ಹೀಗಳಿಕೆ. 1960ರ ದಶಕದಲ್ಲಿ ಜುಹೋವಾನ್ಸಿಗಳ ನೆಲೆಯಾದ ಡೋಬೆಯಲ್ಲಿ ಅಧ್ಯಯನ ಮಾಡುತ್ತಿದ್ದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಕ್ರಿಸ್‌ಮಸ್ ಔತಣಕ್ಕೆಂದು ಭಾರೀ ಎತ್ತೊಂದನ್ನು ಕೊಂಡರು. ಭೇಟಿಯಾದವರೆಲ್ಲ ‘ಅದರಲ್ಲಿ ಮೂಳೆ ಬಿಟ್ಟರೆ ಏನಿದೆ’ ಎಂಬಂತೆ ಮಾತನಾಡಿದರು. ಲೀ ಕುಗ್ಗಿಹೋದರು. ಕೊಯ್ದು ನೋಡಿದರೆ ದಪ್ಪನೆಯ ಕೊಬ್ಬು! ಆಮೇಲೆ ಅವರಿಗೆ ಕಾರಣ ತಿಳಿಯಿತು: ದೊಡ್ಡ ಬೇಟೆ ತಂದ ಯುವಕ ತನ್ನನ್ನು ನಾಯಕನೆಂದುಕೊಳ್ಳುತ್ತಾನೆ, ಉಳಿದವರನ್ನು ಆಳುಗಳಂತೆ ಕಾಣುತ್ತಾನೆ, ಆ ಗರ್ವ ಒಂದು ದಿನ ಯಾರನ್ನಾದರೂ ಕೊಲ್ಲಬಹುದು. ಆದ್ದರಿಂದ ಅವನ ಮಾಂಸವನ್ನು ಕೆಲಸಕ್ಕೆ ಬಾರದ್ದೆಂದು ಹೇಳಿ ಅವನ ಎದೆಯನ್ನು ತಣ್ಣಗಾಗಿಸುತ್ತಾರೆ. ಬೇಟೆಗಾರನಿಗೂ ಇದು ಗೊತ್ತು. ಬೀಡಿಗೆ ಮರಳಿದವನು ಸುಮ್ಮನೆ ಕೂರುತ್ತಾನೆ. ಕೇಳಿದರೆ ‘ಸಣ್ಣದೇನೋ ಸಿಕ್ಕಿತು’ ಎನ್ನುತ್ತಾನೆ. ಗರ್ವಕ್ಕೆ ಇಷ್ಟು ಮೊದಲೇ ಮದ್ದು ಅರೆದಿಟ್ಟ ಜನರನ್ನು ಕಂಡರೆ ನನಗೆ ಅಪಾರ ಗೌರವ.

ಅಂದಹಾಗೆ, ಹೊಟ್ಟೆ ತುಂಬಿಸುತ್ತಿದ್ದದ್ದು ಬೇಟೆಯೊಂದೇ ಎಂದುಕೊಳ್ಳಬೇಡಿ. ಡೋಬೆಯಲ್ಲಿ ಆಹಾರದ ಅರ್ಧಕ್ಕಿಂತ ಹೆಚ್ಚು ಭಾಗ ಸಸ್ಯಮೂಲದ್ದು: ಮೊಂಗೊಂಗೊ ಕಾಯಿ, ಗೆಡ್ಡೆ, ಹಣ್ಣು. ಅದರಲ್ಲಿ ಬಹುಪಾಲನ್ನು ಅಗೆಯುವ ಕೋಲು ಹಿಡಿದು ಹೆಂಗಸರೇ ತರುತ್ತಿದ್ದರು. ಮಾಂಸಕ್ಕಿದ್ದ ಹಂಚಿಕೆಯ ಕಟ್ಟುಪಾಡು ಇದಕ್ಕಿರಲಿಲ್ಲ. ತಂದವಳ ಮನೆಯವರೇ ಮುಖ್ಯವಾಗಿ ಉಣ್ಣುತ್ತಿದ್ದರು.

ಬಾಣಗಳು ಕೈಬದಲಾಗುತ್ತಿದ್ದದ್ದು ‘ಹಾರೋ’ ಎಂಬ ಕೊಡುಕೊಳ್ಳುವಿಕೆಯಲ್ಲಿ. ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನಿಂದ ಮಾಡಿದ ಮಣಿಸರವನ್ನು ಇಂದು ಕೊಟ್ಟರೆ ತಿಂಗಳುಗಳು ಕಳೆದ ಮೇಲೆ ಬೇರೇನೋ ಮರಳಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಹಾರೋ ಗೆಳೆಯನ ನೆಲಕ್ಕೆ ಹೋಗಿ ಅಲ್ಲಿನ ನೀರು, ಕಾಯಿಗಳಲ್ಲಿ ಪಾಲು ಪಡೆಯಬಹುದು. ಮರುಭೂಮಿಯಂಥ ನೆಲದಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಯಾವುದು?

ಉತ್ತರ: ಹಳೆಯ ನಕಾಶೆ

ಮೇಲಿನ ಉತ್ತರ ಚೆನ್ನಾಗಿದೆ. ಆದರೆ ಅದು ಒಂದು ಗುಂಪಿನ, ಒಂದು ಕಾಲದ ಚಿತ್ರ. ಸಾನ್ ಎಂದರೆ ಹಲವು ಭಾಷೆ, ಹಲವು ಚರಿತ್ರೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿದ್ದ ಖಾಮ್ ಎಂಬ ಸಾನ್ ಗುಂಪಿನ ಜನರನ್ನು ವಸಾಹತುಗಾರರ ಕಮಾಂಡೋ ಪಡೆಗಳು ಬೇಟೆಯಾಡಿ ಕೊಂದವು. ಮಕ್ಕಳನ್ನು ಜೀತಕ್ಕೆ ಒಯ್ದವು. 1870ರ ದಶಕದಲ್ಲಿ ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಲೀಕ್ ಮತ್ತು ಅವರ ನಾದಿನಿ ಲೂಸಿ ಲಾಯ್ಡ್ ಕೇಪ್‌ಟೌನಿನ ಜೈಲಿನಲ್ಲಿದ್ದ ಖಾಮ್ ಕೈದಿಗಳನ್ನು ಮನೆಗೆ ಕರೆತಂದು ಅವರ ಕತೆಗಳನ್ನು ಬರೆದುಕೊಂಡರು. ಆ ಟಿಪ್ಪಣಿಗಳು ಸುಮಾರು 12,000 ಪುಟ. 2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ರಾಷ್ಟ್ರಲಾಂಛನದ ಧ್ಯೇಯವಾಕ್ಯವನ್ನು ಅದೇ ಭಾಷೆಯಲ್ಲಿ ಬರೆಸಿತು. ಅಷ್ಟರಲ್ಲಿ ಅದನ್ನಾಡುವ ಒಬ್ಬರೂ ಉಳಿದಿರಲಿಲ್ಲ. ಹಂಚಿಕೆಯ ಸೊಬಗನ್ನು ಹೇಳುವಾಗ ಇದನ್ನೂ ಹೇಳಲೇಬೇಕು.

ಮರುಪ್ರಶ್ನೆ: ಬೆಳದಿಂಗಳು

ಇಬ್ಬರಿಗೂ ಧನ್ಯವಾದಗಳು. ಒಂದು ಅನುಮಾನ: ಬಾಣಕ್ಕೆ ವಿಷ ಹಚ್ಚುತ್ತಿದ್ದರಲ್ಲ, ಮಾಂಸ ತಿಂದವರಿಗೆ ಅಪಾಯವಿರಲಿಲ್ಲವೇ? ಈಗಲೂ ಹೀಗೆ ಬೇಟೆಯಾಡುತ್ತಾರೆಯೇ?

ಉತ್ತರ: ಕಾಡುಹಾದಿ

ವಿಷ ಸಿಗುವುದು ಡಯಾಂಫಿಡಿಯಾ ಎಂಬ ಜೀರುಂಡೆಯ ಮರಿಹುಳುವಿನಿಂದ. ಗಿಡದ ಬುಡದ ಮಣ್ಣನ್ನು ಅಗೆದು ಹುಳುವಿನ ಗೂಡುಗಳನ್ನು ತೆಗೆಯುತ್ತಾರೆ. ಅದರ ರಸವನ್ನು ಮೊನೆಗೆ ಹಚ್ಚದೆ ಮೊನೆಯ ಹಿಂದಿನ ಕಡ್ಡಿಗೆ ಹಚ್ಚುತ್ತಾರೆ, ಅಕಸ್ಮಾತ್ ಕೈ ಗೀರಿದರೆ ಪ್ರಾಣ ಉಳಿಯಲೆಂದು. ಅದು ರಕ್ತಕ್ಕೆ ಸೇರಿದರೆ ಮಾತ್ರ ಕೊಲ್ಲುತ್ತದೆ. ಗಾಯದ ಸುತ್ತಲಿನ ಮಾಂಸವನ್ನು ಕತ್ತರಿಸಿ ಎಸೆದು ಉಳಿದದ್ದನ್ನು ತಿನ್ನುತ್ತಾರೆ. ದೊಡ್ಡ ಪ್ರಾಣಿ ಸಾಯಲು ಒಂದು ದಿನಕ್ಕಿಂತ ಹೆಚ್ಚೇ ಹಿಡಿಯಬಹುದು. ಹೆಜ್ಜೆಗುರುತು ಓದುವ ನಿಜವಾದ ವಿದ್ಯೆ ಬೇಕಾಗುವುದು ಆಗಲೇ.

ಈಗಿನ ಸ್ಥಿತಿ ದೇಶದಿಂದ ದೇಶಕ್ಕೆ ಬೇರೆ. ನಮೀಬಿಯಾದ ನ್ಯಾಯೆ ನ್ಯಾಯೆಯಲ್ಲಿ 1998ರಲ್ಲಿ ಸಮುದಾಯ ಸಂರಕ್ಷಣಾ ಪ್ರದೇಶ ರೂಪುಗೊಂಡಿತು. ಜುಹೋವಾನ್ಸಿಗಳು ಅಲ್ಲಿ ಸಾಂಪ್ರದಾಯಿಕ ಆಯುಧಗಳಿಂದ ಬೇಟೆಯಾಡಬಹುದು. ಬೋಟ್ಸ್ವಾನಾದಲ್ಲಿ ಹಾಗಾಗಲಿಲ್ಲ. 1961ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಕಲಹರಿ ಮೀಸಲು ಪ್ರದೇಶದಿಂದ ಸರ್ಕಾರ 1997 ಮತ್ತು 2002ರಲ್ಲಿ ಜನರನ್ನು ಹೊರಹಾಕಿತು. ಅದು ಕಾನೂನುಬಾಹಿರವೆಂದು 2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ತೀರ್ಪಿತ್ತರೂ, ಕೊಳವೆಬಾವಿಯ ನೀರು ಸೇದುವ ಹಕ್ಕಿಗಾಗಿ ಅವರು ಮತ್ತೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮೇಲ್ಮನವಿ ನ್ಯಾಯಾಲಯ ಅದನ್ನು ಮಾನ್ಯ ಮಾಡಿದ್ದು 2011ರಲ್ಲಿ.