ಪದಚರ್ಚೆ: ಟನೆಲಿಂಗ್‌ಗೆ ‘ಸುರಂಗ’ವೋ ‘ಒಸರು’ವೋ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಕಾಲೇಜು ಮಕ್ಕಳಿಗೋಸ್ಕರ ಒಂಟಿ ಅಣುವಿನ ಅಯಸ್ಕಾಂತಗಳ ಬಗ್ಗೆ, ಅಂದರೆ ಒಂದೊಂದು ಅಣುವೂ ತಾನೇ ಪುಟ್ಟ ಅಯಸ್ಕಾಂತವಾಗಿರುವ ವಸ್ತುಗಳ ಬಗ್ಗೆ, ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ರಿಲಾಕ್ಸೇಶನ್. ಕರಡಿನಲ್ಲಿ ‘ವಿಶ್ರಾಂತಿ’ ಅಂತ ಹಾಕಿದ್ದೆ. ಓದಿದ ಹುಡುಗಿಯೊಬ್ಬಳು ‘ಅಯಸ್ಕಾಂತಕ್ಕೆ ಸುಸ್ತಾಗುತ್ತಾ ಸರ್?’ ಅಂದಳು. ಅವಳು ಕೇಳಿದ್ದು ಸರಿ ಅಲ್ವಾ? ಒಂದೇ ದಿಕ್ಕಿಗೆ ನಿಲ್ಲಿಸಿದ ಅಣುಗಳು ಒಂದೊಂದಾಗಿ ಮಗುಚುತ್ತವೆ, ಒಟ್ಟು ಕಾಂತತೆ ಕುಂದುತ್ತಾ ಬರುತ್ತದೆ. 1993ರಲ್ಲಿ ಒಂಟಿ ಅಣುವೇ ಅಯಸ್ಕಾಂತವಾಗುವ ಗುಣ ಗುರುತಿಸಿದ, ಹನ್ನೆರಡು ಮ್ಯಾಂಗನೀಸ್ ಪರಮಾಣುಗಳಿರುವ ಅಣುವಿನಲ್ಲಿ, 2 ಕೆಲ್ವಿನ್ (ಸೊನ್ನೆಗಿಂತ ಸುಮಾರು 271 ಡಿಗ್ರಿ ಸೆಲ್ಸಿಯಸ್ ಕೆಳಗಿನ) ಚಳಿಯಲ್ಲಿ ಹಾಗೆ ಕುಂದಲು ತಿಂಗಳುಗಳೇ ಬೇಕು. ಅದಕ್ಕೇ ಒಂದು ಅಣುವಿಗೆ ‘ಮಗುಚು’, ಒಟ್ಟು ಕಾಂತತೆಗೆ ‘ಕುಂದು’ ಅಂತ ಬದಲಿಸಿದೆ.

ಕಷ್ಟ ಇರುವುದು ಟನೆಲಿಂಗ್‌ನಲ್ಲಿ. ಮಗುಚಲು ಅಣು ಶಕ್ತಿಯ ಒಂದು ತಡೆ ದಾಟಬೇಕು. ಗದ್ದೆ ಅಂಚು ನೆನೆಸಿಕೊಳ್ಳಿ. ಮಳೆ ಜೋರಾದರೆ ನೀರು ಅಂಚಿನ ಮೇಲೆ ಉಕ್ಕಿ ಹೋಗುತ್ತದೆ, ಬಿಸಿ ಜಾಸ್ತಿಯಾದಾಗ ಅಣು ತಡೆ ಹತ್ತಿ ಇಳಿಯುವುದೂ ಹಾಗೇ. ಆದರೆ ಉಕ್ಕುವಷ್ಟು ನೀರಿಲ್ಲದಾಗಲೂ ಬೆಳಗ್ಗೆ ಹೋಗಿ ನೋಡಿದರೆ ಕೆಳಗಿನ ಗದ್ದೆ ಒದ್ದೆ ಇರುತ್ತದಲ್ಲ, ಹಾಗೇ ಅಣು ತಡೆ ಹತ್ತದೆಯೇ ಆಚೆ ಸೇರುವುದೇ ಟನೆಲಿಂಗ್. ‘ಸುರಂಗ’ ಅಂದರೆ ಏಡಿ ಕೊರೆದ ತೂತಿನ ಹಾಗೆ ಕೇಳಿಸುತ್ತದೆ. ಇಲ್ಲಿ ಯಾರೂ ತೂತು ಕೊರೆದಿಲ್ಲ, ಅಂಚು ಅಂಚಾಗಿಯೇ ಇದೆ. ಹಾಗಾಗಿ ‘ಒಸರು’ ಅನ್ನುವುದೇ ನನಗೆ ಹತ್ತಿರ ಅನಿಸುತ್ತದೆ.

ಈ ಪದ ಮುಂದಕ್ಕೂ ದುಡಿಯುತ್ತದೆ. ತಡೆಯನ್ನು ಸುಮ್ನೆ ಎತ್ತರ ಮಾಡಿದರೆ ಸಾಲದು, ಒಸರುವುದನ್ನೂ ನಿಲ್ಲಿಸಬೇಕು. ಅದಕ್ಕೆ ಡಿಸ್ಪ್ರೋಸಿಯಂ ಎಂಬ ಲೋಹದ ಪರಮಾಣುವನ್ನು ಮೇಲೊಂದು ಕೆಳಗೊಂದು ಇಂಗಾಲದ ಉಂಗುರಗಳ ನಡುವೆ ಕೂರಿಸುತ್ತಾರೆ. ಪಕ್ಕದ ಅಣುಗಳ ಕಾಂತಕ್ಷೇತ್ರವೂ ಒಸರನ್ನು ಎಬ್ಬಿಸುತ್ತದೆ, ಅದಕ್ಕೆ ಕಾಂತಗುಣವಿಲ್ಲದ ಯಿಟ್ರಿಯಂ ಅಣುಗಳನ್ನು ಜಾಸ್ತಿ ಬೆರೆಸಿ ಡಿಸ್ಪ್ರೋಸಿಯಂ ಅಣುಗಳನ್ನು ದೂರ ದೂರ ಇಡುತ್ತಾರೆ. 2018ರಲ್ಲಿ ಅಂಥ ಉಂಗುರದ ಅಣುವೊಂದು 80 ಕೆಲ್ವಿನ್‌ವರೆಗೂ ಕಾಂತತೆಯ ನೆನಪು ಉಳಿಸಿಕೊಂಡಿತು. ದ್ರವ ನೈಟ್ರೋಜನ್ ಕುದಿಯುವುದು 77ರಲ್ಲಿ, ಅದಕ್ಕಿಂತ ಮೇಲೆ!

ಈಗ ನನ್ನ ಪ್ರಶ್ನೆ. ಘಟ್ಟದ ಕೆಳಗಿನವರಿಗೆ ‘ಒಸರು’ ಅಂದ ಕೂಡಲೇ ಒರತೆ ನೆನಪಾಗುತ್ತದೆಯೇ? ಹಾಗಾದರೆ ‘ಜಿನುಗು’ ಬಳಸಬಹುದಾ? ಬಯಲುಸೀಮೆಯವರು ಏರಿಯಿಂದ ಹೀಗೆ ಬರುವ ನೀರಿಗೆ ಏನನ್ನುತ್ತೀರಿ?